ಕಂಪ್ಯೂಟರಿಗೆ ಇಂಗ್ಲಿಷ್ ಬರುತ್ತದೆಯೇ? ಗ್ರೇಸ್ ಹಾಪರ್ ಬದುಕಿನಲ್ಲಿದೆ ಉತ್ತರ

ಕಂಪ್ಯೂಟರ್ ಮತ್ತು ಭಾಷೆಯ ಬಗ್ಗೆ ಎರಡು ಮಾತುಗಳು ನಮ್ಮ ಮೊಬೈಲುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಕಂಪ್ಯೂಟರಿಗೆ ಅರ್ಥವಾಗುವುದು ಇಂಗ್ಲಿಷ್ ಮಾತ್ರ, ಕನ್ನಡ ಮಾಧ್ಯಮದವರಿಗೆ ಅದು ಒಲಿಯುವುದಿಲ್ಲ ಎಂಬುದು ಒಂದು. ಕಂಪ್ಯೂಟರಿಗೆ ಅತ್ಯಂತ ಸೂಕ್ತವಾದ ಭಾಷೆ ಸಂಸ್ಕೃತ ಎಂದು ನಾಸಾ ಒಪ್ಪಿಕೊಂಡಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಓದಿ ಕೆಲವರು ಹೆದರುತ್ತಾರೆ, ಎರಡನೆಯದನ್ನು ಓದಿ ಕೆಲವರು ಹೆಮ್ಮೆಪಡುತ್ತಾರೆ. ಎರಡೂ ತಪ್ಪು, ಮತ್ತು ಎರಡೂ ಒಂದೇ ಕಾರಣಕ್ಕೆ ತಪ್ಪು.

ಹೆಮ್ಮೆಯಿಂದ ದೊಡ್ಡ ನಷ್ಟವೇನೂ ಇಲ್ಲ. ಹೆದರಿಕೆಯಿಂದ ನಷ್ಟವಿದೆ. ಸವಣೂರು ತಾಲ್ಲೂಕಿನ ಯಲವಿಗಿಯಂಥ ಊರಿನಲ್ಲಿ ಕನ್ನಡ ಶಾಲೆಯಲ್ಲಿ ಓದಿ, ಗಣಿತದಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಯೊಬ್ಬಳು ಈ ಮಾತು ನಂಬಿ ಕಂಪ್ಯೂಟರ್ ವಿಷಯವನ್ನೇ ಬಿಟ್ಟರೆ ಅದರ ಬೆಲೆಯನ್ನು ಅವಳೇ ತೆರಬೇಕಾಗುತ್ತದೆ. ಹಾಗಾಗಿ ಕಂಪ್ಯೂಟರಿಗೆ ನಿಜವಾಗಿ ಯಾವ ಭಾಷೆ ಗೊತ್ತು ಎಂಬುದನ್ನು ಇವತ್ತು ನೋಡೋಣ. ಅದಕ್ಕೆ ಒಬ್ಬ ಗಣಿತದ ಮೇಷ್ಟ್ರಮ್ಮನ ಬದುಕಿನ ಕಥೆಯೇ ಸುಲಭದ ದಾರಿ. ಅವರ ಹೆಸರು ಗ್ರೇಸ್ ಹಾಪರ್.

ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕಿನಲ್ಲಿ. ಏಳನೆಯ ವಯಸ್ಸಿನಲ್ಲಿ ಅಲಾರಾಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಅದು ಹೇಗಿತ್ತೆಂದು ನೋಡಲು ಇನ್ನೊಂದು ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಚ್ಚಿ ಬಿದ್ದ ಮೇಲೆ ತಾಯಿಗೆ ಗೊತ್ತಾಯಿತು. ಅಂದಿನಿಂದ ಮಗಳಿಗೆ ಒಂದೇ ಗಡಿಯಾರ ಎಂದು ನಿಯಮವಾಯಿತು.

ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ 1928ರಲ್ಲಿ ಪದವಿ ಪಡೆದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಬಂತು. ಅಷ್ಟರಲ್ಲಿ ವಾಸರ್ ಕಾಲೇಜಿನಲ್ಲೇ ಪಾಠ ಹೇಳುತ್ತಿದ್ದರು. ಹೀಗೇ ಮುಂದುವರಿದಿದ್ದರೆ ಒಳ್ಳೆಯ ಅಧ್ಯಾಪಕಿಯಾಗಿ ನಿವೃತ್ತರಾಗುತ್ತಿದ್ದರೇನೋ. ಎರಡನೆಯ ಮಹಾಯುದ್ಧ ಅವರ ದಾರಿ ಬದಲಿಸಿತು.

ಯುದ್ಧ ಶುರುವಾದಾಗ ನೌಕಾಪಡೆ ಸೇರಲು ಹೋದರು. ಮೊದಲು ಒಪ್ಪಲಿಲ್ಲ. ವಯಸ್ಸು ಜಾಸ್ತಿ, ತೂಕ ಕಡಿಮೆ. ಬೇಕಾದದ್ದಕ್ಕಿಂತ ಸುಮಾರು 7 ಕಿಲೋ ಕಡಿಮೆ ಇದ್ದರು. ಪಟ್ಟು ಬಿಡದೆ ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿದರು. ತರಬೇತಿಯಲ್ಲಿ ಮೊದಲ ಸ್ಥಾನ ಬಂತು. ಹಡಗು ಹತ್ತಿಸುತ್ತಾರೆಂದುಕೊಂಡವರನ್ನು 1944ರ ಜುಲೈನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕೋಣೆಗೆ ಕಳಿಸಿದರು. ಅಲ್ಲಿತ್ತು ಮಾರ್ಕ್-1 ಎಂಬ ಯಂತ್ರ.

ಐವತ್ತೊಂದು ಅಡಿ ಉದ್ದದ ಯಂತ್ರಕ್ಕೆ ಪಾಠ

ಮಾರ್ಕ್-1 ಆ ಕಾಲದ ಕಂಪ್ಯೂಟರ್. ಉದ್ದ 51 ಅಡಿ, ಎತ್ತರ 8 ಅಡಿ. ಇಷ್ಟು ದೊಡ್ಡ ಯಂತ್ರ ಒಂದು ಸೆಕೆಂಡಿಗೆ ಮಾಡುತ್ತಿದ್ದುದು ಮೂರು ಕೂಡುವ ಲೆಕ್ಕ. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡು ಬೇಕಿತ್ತು. ನಿಮ್ಮ ಕೈಯಲ್ಲಿರುವ ಅಗ್ಗದ ಫೋನು ಸೆಕೆಂಡಿಗೆ ನೂರಾರು ಕೋಟಿ ಲೆಕ್ಕ ಮಾಡುತ್ತದೆ.

ಆದರೆ ಒಂದು ವಿಷಯದಲ್ಲಿ ಮಾರ್ಕ್-1 ಮತ್ತು ನಿಮ್ಮ ಫೋನಿನ ನಡುವೆ ವ್ಯತ್ಯಾಸವಿಲ್ಲ. ಎರಡಕ್ಕೂ ಯಾವ ಮನುಷ್ಯ ಭಾಷೆಯೂ ಬರುವುದಿಲ್ಲ. ಮಾರ್ಕ್-1ಕ್ಕೆ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಆದೇಶ ಕೊಡಬೇಕಿತ್ತು. ತೂತು ಇದೆಯೋ ಇಲ್ಲವೋ, ಅಷ್ಟೇ ಅದಕ್ಕೆ ಗೊತ್ತು. ನಿಮ್ಮ ಫೋನಿಗೂ ವಿದ್ಯುತ್ ಇದೆಯೋ ಇಲ್ಲವೋ ಎಂಬುದಷ್ಟೇ ಗೊತ್ತು. ಇದೆ ಎಂಬುದನ್ನು 1 ಎಂದೂ ಇಲ್ಲ ಎಂಬುದನ್ನು 0 ಎಂದೂ ಬರೆಯುತ್ತೇವೆ. ಇದೇ ಬೈನರಿ.

ಕಂಪ್ಯೂಟರಿಗೆ ಇಂಗ್ಲಿಷಿನ ದೊಡ್ಡ ಎ ಅಕ್ಷರವೆಂದರೆ 65 ಎಂಬ ಸಂಖ್ಯೆ. ಯಲವಿಗಿಯ ಯ ಎಂದರೆ 3247 ಎಂಬ ಸಂಖ್ಯೆ. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಹಂಚಿರುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೂ ಜಾಗವಿದೆ. 65 ತನ್ನದು, 3247 ಪರರದು ಎಂಬ ಭಾವನೆ ಯಂತ್ರಕ್ಕಿಲ್ಲ.

ಬ್ಯಾಂಕ್ ಖಾತೆ ತಾಳೆಯಾಗದ ಗಣಿತಜ್ಞೆ

ಯುದ್ಧ ಮುಗಿದ ಮೇಲಿನ ಕೆಲವು ವರ್ಷ ಹಾಪರ್ ಅವರಿಗೆ ಸುಲಭವಾಗಿರಲಿಲ್ಲ. 1945ರಲ್ಲಿ ವಿಚ್ಛೇದನವಾಯಿತು. ಮದ್ಯದ ಚಟ ಕಾಡಿತು. ಆದರೂ ಕೆಲಸ ಬಿಡಲಿಲ್ಲ. 1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಎಂಬ ಹೊಸ ಕಂಪ್ಯೂಟರ್ ಕಂಪನಿ ಸೇರಿದರು. ಮರುವರ್ಷ ಆ ಕಂಪನಿಯನ್ನು ರೆಮಿಂಗ್ಟನ್ ರಾಂಡ್ ಕೊಂಡಿತು. ಯುನಿವ್ಯಾಕ್ ಎಂಬ ಹೆಸರುವಾಸಿ ಕಂಪ್ಯೂಟರ್ ತಯಾರಾದದ್ದು ಅಲ್ಲಿಯೇ.

ಅಲ್ಲಿನ ಒಂದು ಯಂತ್ರಕ್ಕೆ ಎಂಟರ ಲೆಕ್ಕದಲ್ಲಿ ಪ್ರೋಗ್ರಾಮ್ ಬರೆಯಬೇಕಿತ್ತು. ಈ ಲೆಕ್ಕದಲ್ಲಿ 0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುತ್ತವೆ, 7 ಆದ ಮೇಲೆ 10 ಎಂದು ಬರೆಯಬೇಕು. ದಿನವಿಡೀ ಅದರಲ್ಲೇ ಮುಳುಗಿದ್ದ ಹಾಪರ್ ಅವರ ಬ್ಯಾಂಕ್ ಖಾತೆ ತಿಂಗಳುಗಟ್ಟಲೆ ತಾಳೆಯಾಗಲಿಲ್ಲ. ಕೊನೆಗೆ ಬ್ಯಾಂಕಿನಲ್ಲಿದ್ದ ತಮ್ಮನಿಗೆ ಪುಸ್ತಕ ತೋರಿಸಿದರು. ಆಗಾಗ ಅವರು ತಮಗೇ ತಿಳಿಯದೆ ಎಂಟರ ಲೆಕ್ಕದಲ್ಲಿ ಕಳೆದಿದ್ದರು.

ಇದು ಬರಿ ನಗುವ ವಿಷಯವಾಗಿರಲಿಲ್ಲ. ಪಿಎಚ್.ಡಿ. ಮಾಡಿದ ಗಣಿತಜ್ಞೆಯೇ ಯಂತ್ರದಂತೆ ಯೋಚಿಸಲು ಹೋಗಿ ಎಡವುತ್ತಾಳೆ ಎಂದರೆ ಉಳಿದವರ ಪಾಡೇನು? ಆಗ ಪ್ರೋಗ್ರಾಮ್ ಬರೆಯುವವರು ಪದೇ ಪದೇ ಬೇಕಾಗುವ ತುಣುಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಪ್ರತಿ ಸಲ ಕೈಯಿಂದ ನಕಲು ಮಾಡುತ್ತಿದ್ದರು. ನಕಲಿನಲ್ಲಿ ಒಂದು ಅಂಕಿ ತಪ್ಪಿದರೂ ಇಡೀ ಲೆಕ್ಕ ಕೆಡುತ್ತಿತ್ತು. ನಕಲು ಮಾಡುವುದು, ಕೂಡುವುದು, ತಪ್ಪದೆ ಜೋಡಿಸುವುದು ಇವೆಲ್ಲ ಮನುಷ್ಯನಿಗಿಂತ ಯಂತ್ರವೇ ಚೆನ್ನಾಗಿ ಮಾಡುವ ಕೆಲಸ. ಹಾಗಿದ್ದ ಮೇಲೆ ಪ್ರೋಗ್ರಾಮ್ ಜೋಡಿಸುವ ಕೆಲಸವನ್ನೂ ಯಂತ್ರಕ್ಕೇ ಏಕೆ ಒಪ್ಪಿಸಬಾರದು ಎಂದು ಹಾಪರ್ ಯೋಚಿಸಿದರು.

ಕಂಪೈಲರ್ ಹುಟ್ಟಿದ್ದು

1951-52ರಲ್ಲಿ ಹಾಪರ್ ಎ-0 ಎಂಬ ವ್ಯವಸ್ಥೆ ಕಟ್ಟಿದರು. ಪ್ರತಿ ತುಣುಕಿಗೂ ಗ್ರಂಥಾಲಯದ ಪುಸ್ತಕಕ್ಕೆ ಇರುವಂತೆ ಒಂದು ಸಂಖ್ಯೆ ಕೊಟ್ಟರು. ಬೇಕಾದ ಸಂಖ್ಯೆಗಳ ಪಟ್ಟಿ ಕೊಟ್ಟರೆ ಯಂತ್ರವೇ ಟೇಪಿನಲ್ಲಿ ಹುಡುಕಿ, ತುಣುಕುಗಳನ್ನು ಜೋಡಿಸಿ ಇಡೀ ಪ್ರೋಗ್ರಾಮ್ ಸಿದ್ಧಪಡಿಸುತ್ತಿತ್ತು. ಇಂಗ್ಲಿಷಿನಲ್ಲಿ ಕಂಪೈಲ್ ಎಂದರೆ ಒಟ್ಟುಗೂಡಿಸುವುದು, ಸಂಕಲನ ಮಾಡುವುದು. ಬೇರೆ ಬೇರೆಯವರ ಕಥೆ ಒಟ್ಟುಮಾಡಿ ಪುಸ್ತಕ ತರುವವರನ್ನು ನಾವು ಸಂಕಲನಕಾರರು ಎನ್ನುತ್ತೇವಲ್ಲ, ಅದೇ ಅರ್ಥದಲ್ಲಿ ಕಂಪೈಲರ್ ಎಂಬ ಹೆಸರು ಬಂತು.

ಇಲ್ಲೊಂದು ಸ್ಪಷ್ಟನೆ ಬೇಕು. ಹಾಪರ್ ಒಬ್ಬರೇ ಕಂಪೈಲರ್ ಕಂಡುಹಿಡಿದರು ಎಂಬ ಪೋಸ್ಟುಗಳು ಪೂರ್ತಿ ಸರಿಯಲ್ಲ. ಇಂದಿನ ಕಣ್ಣಿನಲ್ಲಿ ಎ-0 ತುಣುಕು ಜೋಡಿಸುವ ವ್ಯವಸ್ಥೆ ಮಾತ್ರ. ಅದೇ 1952ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅಲಿಕ್ ಗ್ಲೆನಿ ಇನ್ನೊಂದು ಬಗೆಯ ಅನುವಾದಕ ಬರೆದಿದ್ದರು. ಗಣಿತದ ಸೂತ್ರಗಳನ್ನು ಯಂತ್ರದ ಆದೇಶವಾಗಿ ಮಾಡುವ, ಎಲ್ಲೆಡೆ ಬಳಕೆಗೆ ಬಂದ ಫೋರ್ಟ್ರಾನ್ ಕಂಪೈಲರನ್ನು ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ತಂಡ 1957ರಲ್ಲಿ ಹೊರತಂದಿತು. ಆದರೆ ಹೆಸರು ಕೊಟ್ಟವರು, ಅದಕ್ಕಾಗಿ ಊರೂರು ಸುತ್ತಿ ಭಾಷಣ ಮಾಡಿದವರು ಹಾಪರ್. ಅವರ ಮಾತನ್ನು ಮೊದಮೊದಲು ಯಾರೂ ನಂಬಲಿಲ್ಲ. ಕಂಪ್ಯೂಟರ್ ಕೂಡಿ ಕಳೆಯುತ್ತದೆ, ಅದು ಪ್ರೋಗ್ರಾಮ್ ಬರೆಯುವುದುಂಟೇ ಎನ್ನುತ್ತಿದ್ದರು. ಕೆಲಸ ಮಾಡುವ ಕಂಪೈಲರ್ ಕಣ್ಣೆದುರೇ ಇದ್ದರೂ ಅದನ್ನು ಬಳಸುವವರಿರಲಿಲ್ಲ.

ಜೋಳ, ಹಿಟ್ಟು, ರೊಟ್ಟಿ

ಇಂದಿನ ಕಂಪೈಲರ್ ಏನು ಮಾಡುತ್ತದೆ? ಒಂದು ಉದಾಹರಣೆ ನೋಡೋಣ. ಮೆಣಸಿನಕಾಯಿ ಮಾರುಕಟ್ಟೆಯ ಲೆಕ್ಕಕ್ಕೆ ಒಬ್ಬರು ಹೀಗೆ ಬರೆದರು ಎಂದಿಟ್ಟುಕೊಳ್ಳಿ:

ಮೊತ್ತ = ದರ × ತೂಕ + ಹಮಾಲಿ

ಮನುಷ್ಯರು ಓದಬಲ್ಲ ಈ ಬರಹವೇ ಸೋರ್ಸ್ ಕೋಡ್. ಕಂಪೈಲರ್ ಮೊದಲು ಇದನ್ನು ಬಿಡಿ ಬಿಡಿ ಪದಗಳಾಗಿ ಒಡೆಯುತ್ತದೆ. ಆಮೇಲೆ ವ್ಯಾಕರಣ ನೋಡುತ್ತದೆ. ಮೊದಲು ಗುಣಿಸಬೇಕು, ಆಮೇಲೆ ಕೂಡಬೇಕು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಒಂದು ಚಿಹ್ನೆ ಬಿಟ್ಟುಹೋಗಿದ್ದರೆ ಇಲ್ಲೇ ತಪ್ಪು ತೋರಿಸಿ ನಿಲ್ಲುತ್ತದೆ. ಮೂರನೆಯದಾಗಿ ಅರ್ಥ ತಾಳೆ ನೋಡುತ್ತದೆ. ತೂಕದ ಜಾಗದಲ್ಲಿ ರೈತನ ಹೆಸರು ಬಂದಿದ್ದರೆ ಗುಣಿಸಲಾಗದು ಎನ್ನುತ್ತದೆ. ನಂತರ ಇದೇ ಕೆಲಸವನ್ನು ಇನ್ನೂ ಕಡಿಮೆ ಹೆಜ್ಜೆಗಳಲ್ಲಿ ಮಾಡಬಹುದೇ ಎಂದು ಹುಡುಕುತ್ತದೆ.

ಇಷ್ಟಾದ ಮೇಲೆ ಯಂತ್ರದ ಆದೇಶಗಳು ಹೊರಬರುತ್ತವೆ. ದರವನ್ನು ಮೆಮೊರಿಯಿಂದ ತಾ, ತೂಕವನ್ನು ತಾ, ಎರಡನ್ನೂ ಗುಣಿಸು, ಹಮಾಲಿ ತಂದು ಕೂಡು, ಉತ್ತರವನ್ನು ಮೊತ್ತದ ಜಾಗದಲ್ಲಿಡು. ಒಂದೊಂದು ಆದೇಶವೂ 0 ಮತ್ತು 1ರ ಸಾಲು. ಕೊನೆಗೆ ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಮ್ ಈ ಆದೇಶಗಳ ಜೊತೆಗೆ ಪರದೆಯ ಮೇಲೆ ಬರೆಯುವುದು, ಫೈಲ್ ಉಳಿಸುವುದು ಮುಂತಾದ ಸಿದ್ಧ ತುಣುಕುಗಳನ್ನು ಜೋಡಿಸುತ್ತದೆ. ಹಾಪರ್ ಅವರ ಎ-0 ಮಾಡುತ್ತಿದ್ದುದು ಹೆಚ್ಚುಕಡಿಮೆ ಈ ಕೊನೆಯ ಕೆಲಸವನ್ನೇ. ಹೀಗೆ ಸಿದ್ಧವಾದ, ಯಂತ್ರ ನೇರವಾಗಿ ನಡೆಸಬಲ್ಲ ಫೈಲೇ ಬೈನರಿ.

ನಮ್ಮ ಕಡೆಯ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಸೋರ್ಸ್ ಕೋಡ್ ಜೋಳವಿದ್ದಂತೆ, ಬೈನರಿ ಖಡಕ್ ರೊಟ್ಟಿಯಿದ್ದಂತೆ. ಜೋಳ ಬೀಸಿ, ನಾದಿ, ಬಡಿದು, ಬೇಯಿಸಿ, ಒಣಗಿಸಿ ಇಟ್ಟರೆ ಬೇಕೆಂದಾಗ ತಿನ್ನಬಹುದು. ಆದರೆ ರೊಟ್ಟಿಯಿಂದ ಮತ್ತೆ ಜೋಳ ತೆಗೆಯಲಾಗದು. ಬೈನರಿಯಿಂದಲೂ ಮೂಲ ಬರಹ ಇದ್ದ ಹಾಗೇ ವಾಪಸು ಬರುವುದಿಲ್ಲ. ಜಾಣರು ಒಂದಷ್ಟು ಊಹಿಸಬಲ್ಲರು, ಅಷ್ಟೇ.

ಈ ಕೆಲಸ ನಿಮ್ಮ ಫೋನಿನೊಳಗೂ ನಡೆಯುತ್ತದೆ. ಆಂಡ್ರಾಯ್ಡ್ ಆ್ಯಪುಗಳು ಸಾಮಾನ್ಯವಾಗಿ ಅರ್ಧ ಕಂಪೈಲ್ ಆದ ಸ್ಥಿತಿಯಲ್ಲಿ ಬರುತ್ತವೆ. ಉಳಿದರ್ಧವನ್ನು ನಿಮ್ಮ ಫೋನಿನ ಪ್ರೊಸೆಸರಿಗೆ ತಕ್ಕಂತೆ ಫೋನೇ ಮಾಡಿಕೊಳ್ಳುತ್ತದೆ. ಸಿಸ್ಟಮ್ ಅಪ್‌ಡೇಟ್ ಆದಾಗ ಆ್ಯಪ್‌ಗಳನ್ನು ಆಪ್ಟಿಮೈಸ್ ಮಾಡಲಾಗುತ್ತಿದೆ ಎಂಬ ಸಂದೇಶ ನೋಡಿದ್ದರೆ, ಆಗ ಒಳಗೆ ಕಂಪೈಲರ್ ದುಡಿಯುತ್ತಿತ್ತು.

ಫ್ರೆಂಚಿನಲ್ಲೂ ಜರ್ಮನ್ನಿನಲ್ಲೂ ಓಡಿದ ಪ್ರೋಗ್ರಾಮ್

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಗಣಿತದವರಿಗೆ ಸೂತ್ರಗಳು ಸಾಕು, ಆದರೆ ಅಂಗಡಿ, ಬ್ಯಾಂಕು, ಕಾರ್ಖಾನೆಯ ಲೆಕ್ಕದವರಿಗೆ ಚಿಹ್ನೆಗಳು ಇಷ್ಟವಾಗುವುದಿಲ್ಲ ಎಂಬುದನ್ನು ಹಾಪರ್ ಗಮನಿಸಿದರು. ಅವರಿಗಾಗಿ ಸಾಮಾನ್ಯ ಪದಗಳಲ್ಲೇ ಪ್ರೋಗ್ರಾಮ್ ಬರೆಯುವಂತಾಗಬೇಕು ಎಂದರು. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ, ಆಗದ ಮಾತು ಎಂದು ಮೇಲಿನವರು ತಳ್ಳಿಹಾಕಿದರು.

1950ರ ದಶಕದ ಮಧ್ಯದಲ್ಲಿ ಹಾಪರ್ ಮತ್ತು ಅವರ ತಂಡ ಒಂದು ಸಣ್ಣ ಮಾದರಿ ಮಾಡಿ ತೋರಿಸಿದರು. ಇಂಗ್ಲಿಷ್ ಪದಗಳಲ್ಲಿ ಬರೆದ ಪ್ರೋಗ್ರಾಮ್ ಓಡಿತು. ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲೂ ಆಮೇಲೆ ಜರ್ಮನ್ ಪದಗಳಲ್ಲೂ ಬರೆದು ಓಡಿಸಿದರು. ಯಂತ್ರಕ್ಕೆ ವ್ಯತ್ಯಾಸವೇ ತಿಳಿಯಲಿಲ್ಲ, ಏಕೆಂದರೆ ಯಾವ ಪದಕ್ಕೆ ಯಾವ ಆದೇಶ ಎಂಬ ಪಟ್ಟಿಯಷ್ಟೇ ಬದಲಾಗಿತ್ತು.

ಮೇಲಧಿಕಾರಿಗಳು ಸಂತೋಷಪಡುವ ಬದಲು ಗಾಬರಿಯಾದರು. ಅಮೆರಿಕದಲ್ಲಿ ತಯಾರಾದ ಕಂಪ್ಯೂಟರಿಗೆ ಫ್ರೆಂಚ್, ಜರ್ಮನ್ ಏಕೆ ಎಂಬುದು ಅವರ ಪ್ರಶ್ನೆ. ಇಂಗ್ಲಿಷ್ ಒಂದನ್ನೇ ಇಟ್ಟುಕೊಳ್ಳುತ್ತೇವೆಂದು ಹಾಪರ್ ಮಾತು ಕೊಡಬೇಕಾಯಿತು. ಮುಂದೆ ಅನೇಕ ಭಾಷಣಗಳಲ್ಲಿ ಅವರು ಈ ಪ್ರಸಂಗವನ್ನು ನಗುತ್ತಾ ಹೇಳಿಕೊಂಡಿದ್ದಾರೆ.

ನಮಗೆ ಇಲ್ಲಿ ತಿಳಿಯಬೇಕಾದದ್ದು ಇದು. ಕಂಪ್ಯೂಟರಿನ ಬಾಗಿಲಲ್ಲಿ ಇಂಗ್ಲಿಷ್ ನಿಂತದ್ದು ಯಂತ್ರದ ಗುಣದಿಂದಲ್ಲ. ಅದನ್ನು ಮಾಡಿದವರು, ಕೊಂಡವರು, ಮಾರಿದವರು ಇಂಗ್ಲಿಷ್ ಮಾತಾಡುತ್ತಿದ್ದುದರಿಂದ.

ಇದೇ ಕೆಲಸದಿಂದ ಫ್ಲೋ-ಮ್ಯಾಟಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂತು. 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿ ಸಭೆ ಸೇರಿ, ಎಲ್ಲ ಕಂಪನಿಗಳ ಕಂಪ್ಯೂಟರುಗಳಿಗೂ ಒಪ್ಪುವ ಒಂದು ವ್ಯಾಪಾರಿ ಭಾಷೆ ರೂಪಿಸಲು ತೀರ್ಮಾನಿಸಿದರು. ಅದೇ ಕೋಬಾಲ್. ಅದನ್ನು ಒಂದು ಸಮಿತಿ ರೂಪಿಸಿತು, ಹಾಪರ್ ಸಲಹೆಗಾರರಾಗಿದ್ದರು, ಅವರ ಫ್ಲೋ-ಮ್ಯಾಟಿಕ್ ಅದಕ್ಕೆ ಬುನಾದಿಯಾಯಿತು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮ್ ಚೂರುಪಾರು ಬದಲಾವಣೆಯೊಂದಿಗೆ ಎರಡು ಬೇರೆ ಕಂಪನಿಗಳ ಕಂಪ್ಯೂಟರುಗಳಲ್ಲಿ ಓಡಿತು. ಅಲ್ಲಿಯವರೆಗೆ ಯಂತ್ರ ಬದಲಾದರೆ ಪ್ರೋಗ್ರಾಮನ್ನೆಲ್ಲ ಹೊಸದಾಗಿ ಬರೆಯಬೇಕಿತ್ತು. ಜಗತ್ತಿನ ಎಷ್ಟೋ ಬ್ಯಾಂಕುಗಳು ಇಂದಿಗೂ ಕೋಬಾಲ್ ಬಳಸುತ್ತಿವೆ. 2000ನೇ ಇಸವಿ ಹತ್ತಿರ ಬಂದಾಗ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವ ಕೆಲಸ ಬೆಂಗಳೂರಿನ ಕಂಪನಿಗಳಿಗೂ ಬಂದಿತ್ತಲ್ಲ, ಅವುಗಳಲ್ಲಿ ಬಹಳಷ್ಟು ಕೋಬಾಲಿನವು.

ಪತಂಗದ ಕಥೆ, ನಾಸಾ ಕಥೆ

ಹಾಪರ್ ಹೆಸರಿನಲ್ಲಿ ಓಡಾಡುವ ಒಂದು ಪೋಸ್ಟು ಇದೆ. ಕಂಪ್ಯೂಟರಿನೊಳಗೆ ಸಿಕ್ಕಿಕೊಂಡ ಪತಂಗವನ್ನು ಅವರು ಹಿಡಿದರು, ಅದರಿಂದಲೇ ತಪ್ಪಿಗೆ ಬಗ್ ಎಂಬ ಹೆಸರು ಬಂತು ಎನ್ನುತ್ತದೆ. ಪತಂಗ ಸಿಕ್ಕಿದ್ದು ನಿಜ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್-2 ಯಂತ್ರದಲ್ಲಿ ಸಿಕ್ಕಿತು. ಅದನ್ನು ಟೇಪು ಹಚ್ಚಿ ಅಂಟಿಸಿದ ಪುಸ್ತಕ ಇಂದಿಗೂ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಹಿಡಿದವರು ಹಾಪರ್ ಅಲ್ಲ. ಅವರು ಅದನ್ನು ರಸವತ್ತಾಗಿ ಹೇಳುತ್ತಿದ್ದುದರಿಂದ ಕಥೆ ಅವರ ಹೆಸರಿಗೆ ಅಂಟಿಕೊಂಡಿತು. ಬಗ್ ಎಂಬ ಮಾತನ್ನು 1870ರ ದಶಕದಲ್ಲೇ ಥಾಮಸ್ ಎಡಿಸನ್ ಬಳಸಿದ್ದರು.

ಇನ್ನು ಸಂಸ್ಕೃತದ ವಿಷಯ. 1985ರಲ್ಲಿ ನಾಸಾದ ಕೇಂದ್ರವೊಂದರಲ್ಲಿದ್ದ ರಿಕ್ ಬ್ರಿಗ್ಸ್ ಎಂಬ ಸಂಶೋಧಕರು ಒಂದು ಲೇಖನ ಬರೆದರು. ವಾಕ್ಯದ ಅರ್ಥವನ್ನು ಗೊಂದಲವಿಲ್ಲದೆ ಬಿಡಿಸಿ ಹೇಳಲು ಸಂಸ್ಕೃತದ ವ್ಯಾಕರಣಕಾರರು ಬಳಸಿದ ಕ್ರಮಕ್ಕೂ ಕೃತಕ ಬುದ್ಧಿಮತ್ತೆಯ ಒಂದು ಕ್ರಮಕ್ಕೂ ಹೋಲಿಕೆಯಿದೆ ಎಂದು ಅದರಲ್ಲಿ ವಾದಿಸಿದರು. ಅದು ಒಬ್ಬ ಸಂಶೋಧಕರ ವಾದ, ನಾಸಾದ ತೀರ್ಮಾನವಲ್ಲ. ಪಾಣಿನಿಯ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ. ಸುಮಾರು 4000 ಸೂತ್ರಗಳಲ್ಲಿ ಅವನು ಕಟ್ಟಿದ ವ್ಯಾಕರಣದ ಕ್ರಮಕ್ಕೂ, ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯಲು ಜಾನ್ ಬ್ಯಾಕಸ್ ರೂಪಿಸಿದ ಕ್ರಮಕ್ಕೂ ಸಾಮ್ಯವಿದೆ ಎಂದು 1967ರಲ್ಲೇ ಕಂಪ್ಯೂಟರ್ ತಜ್ಞರೊಬ್ಬರು ಬರೆದಿದ್ದರು. ಆದರೆ ಕಂಪ್ಯೂಟರಿಗೆ ಸಂಸ್ಕೃತವೂ ಗೊತ್ತಿಲ್ಲ. ಇಂಗ್ಲಿಷಿನಂತೆ, ಕನ್ನಡದಂತೆ ಅದನ್ನೂ ಸಂಖ್ಯೆಯಾಗಿಸಿಯೇ ಕೊಡಬೇಕು.

ಹಿಮ್ಮುಖ ಗಡಿಯಾರ

ಹಾಪರ್ 1966ರ ಕೊನೆಗೆ ನೌಕಾಪಡೆಯಿಂದ ನಿವೃತ್ತರಾದರು. ಏಳೆಂಟು ತಿಂಗಳಲ್ಲೇ ಮತ್ತೆ ಕರೆ ಬಂತು. ಕೋಬಾಲ್ ಒಂದೊಂದು ಕಡೆ ಒಂದೊಂದು ರೂಪ ತಾಳಿತ್ತು, ಅದನ್ನು ಒಂದು ಹದಕ್ಕೆ ತರಬೇಕಿತ್ತು. ನಡುವೆ ಮತ್ತೊಮ್ಮೆ ನಿವೃತ್ತಿಯಾಗಿ, ಮತ್ತೊಮ್ಮೆ ಕರೆಸಿಕೊಂಡು, ಕೊನೆಗೆ ರಿಯರ್ ಅಡ್ಮಿರಲ್ ಹುದ್ದೆಯಲ್ಲಿ 1986ರ ಆಗಸ್ಟಿನಲ್ಲಿ ನಿವೃತ್ತರಾದಾಗ ಅವರಿಗೆ 79 ವರ್ಷ.

ಅವರ ಕಚೇರಿಯ ಗೋಡೆಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರವಿತ್ತು. ಮೊದಲಿನಿಂದ ಹೀಗೇ ಮಾಡುತ್ತಾ ಬಂದಿದ್ದೇವೆ ಎನ್ನುವವರಿಗೆ ಅದೇ ಉತ್ತರ. ಭಾಷಣಕ್ಕೆ ಹೋದಲ್ಲೆಲ್ಲ ಒಂದಡಿಗಿಂತ ತುಸು ಗಿಡ್ಡನೆಯ ತಂತಿ ತುಂಡುಗಳನ್ನು ಹಂಚುತ್ತಿದ್ದರು. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಬೆಳಕು ಸಾಗುವ ದೂರ ಅಷ್ಟೇ ಎಂದು ಕೈಗೆ ಸಿಗುವಂತೆ ತೋರಿಸುವ ಉಪಾಯ ಅದು. ಕೊನೆಯವರೆಗೂ ಅವರು ಮೇಷ್ಟ್ರಮ್ಮನೇ. 1992ರ ಜನವರಿ 1ರಂದು ತೀರಿಕೊಂಡರು. 2016ರಲ್ಲಿ ಅಮೆರಿಕ ಅವರಿಗೆ ಮರಣೋತ್ತರವಾಗಿ ತನ್ನ ಅತ್ಯುನ್ನತ ನಾಗರಿಕ ಗೌರವ ನೀಡಿತು.

ಕಂಪೈಲರ್ ವಿದ್ಯೆ ನಮ್ಮ ರಾಜ್ಯಕ್ಕೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದ ಪ್ರೀತಿ ಶಂಕರ್ ಈ ವಿಷಯದ ಹೆಸರಾಂತ ವಿದ್ವಾಂಸರು. ಸಹೋದ್ಯೋಗಿ ವೈ. ಎನ್. ಶ್ರೀಕಾಂತ್ ಅವರೊಂದಿಗೆ ಅವರು ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಹೊರಬಂತು. ಪ್ರೀತಿ ಶಂಕರ್ 2011ರಲ್ಲಿ ತೀರಿಕೊಂಡರು.

ಹಾಗಾದರೆ ನಾವು ಏನು ತಿಳಿಯಬೇಕು?

ಕಂಪ್ಯೂಟರಿಗೆ ಇಂಗ್ಲಿಷ್ ಮಾತ್ರ ಅರ್ಥವಾಗುತ್ತದೆ ಎಂಬುದು ತಪ್ಪು. ಅದಕ್ಕೆ ಯಾವ ಭಾಷೆಯೂ ಅರ್ಥವಾಗುವುದಿಲ್ಲ, ನಡುವೆ ಕಂಪೈಲರಿನಂಥ ಅನುವಾದಕ ಬೇಕೇ ಬೇಕು. ಪ್ರೋಗ್ರಾಮಿಂಗ್ ಕಲಿಯಲು ಇಂಗ್ಲಿಷ್ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಪುಸ್ತಕಗಳೂ ತಪ್ಪು ತೋರಿಸುವ ಸಂದೇಶಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಆದರೆ ಸಿ ಎಂಬ ಹೆಸರುವಾಸಿ ಭಾಷೆಯ ಮೊದಲ ಪ್ರಮಾಣಿತ ರೂಪದಲ್ಲಿ ಕಾದಿರಿಸಿದ ಪದಗಳು 32 ಮಾತ್ರ. ಒಂದು ವಾರದಲ್ಲಿ ಕಲಿಯುವಷ್ಟು. ಪೈಥಾನ್ ಭಾಷೆಯಲ್ಲಂತೂ ಮೊತ್ತ, ದರ, ತೂಕ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಪ್ರೋಗ್ರಾಮ್ ಸರಿಯಾಗಿಯೇ ಓಡುತ್ತದೆ. ನಿಜವಾಗಿ ಬೇಕಾದದ್ದು ಒಂದು ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಯೋಚಿಸುವ ಅಭ್ಯಾಸ. ಅದು ಕನ್ನಡದಲ್ಲೂ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಬೈನರಿಯನ್ನು ಕಣ್ಣಿಂದ ನೋಡಿ ಒಳಗೇನಿದೆ ಎಂದು ತಿಳಿಯಲಾಗದು ಎಂಬುದನ್ನು ರೊಟ್ಟಿಯ ಉದಾಹರಣೆಯಲ್ಲಿ ನೋಡಿದೆವು. ಮದುವೆ ಆಮಂತ್ರಣ, ಬ್ಯಾಂಕಿನ ನೋಟಿಸು ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಫೈಲು ಕಾಗದವೂ ಅಲ್ಲ, ಚಿತ್ರವೂ ಅಲ್ಲ. ಅದು ಕಂಪೈಲ್ ಆಗಿ ಬಂದ ಪ್ರೋಗ್ರಾಮ್. ಕಳಿಸಿದವರು ಗುರುತಿನವರೇ ಆದರೂ ಇನ್‌ಸ್ಟಾಲ್ ಮಾಡಬೇಡಿ, ಮುಂದಕ್ಕೂ ಕಳಿಸಬೇಡಿ.

ಕಳಿಸಲೇಬೇಕೆನಿಸಿದರೆ ಹಾಪರ್ ಅವರ ಕಥೆಯನ್ನು ಕಳಿಸಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ, ಕಂಪ್ಯೂಟರ್ ಎಂದರೆ ಹಿಂಜರಿಯುವ ಮಕ್ಕಳಿದ್ದರೆ ಮೊದಲು ಅವರಿಗೆ ತಲುಪಲಿ.